ಶಾಲೆ ನನ್ನನ್ನು ಹೊರಗಟ್ಟಿದ ಮಳೆಗಾಲ

ನನ್ನ ಜಡೆಯ ಟೇಪನ್ನು ಕಿಟಕಿಯ ಸರಳಿಗೆ ಕಟ್ಟುವ ಉಪಾಯ ನಮ್ಮ ಕ್ಲಾಸಿನ ಮೇಷ್ಟ್ರದು. ಎದ್ದರೆ ತಲೆ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದರೆ ನೋಯುತ್ತದೆ, ನೋಯುತ್ತದೆಂದು ಹುಡುಗಿ ಕೂತಿರುತ್ತಾಳೆ ಎಂದು ಅವರು ಎಣಿಸಿದ್ದರು. ನೋಯುತ್ತಿತ್ತು ನಿಜ. ಆದರೂ ನಾನು ಏಳುತ್ತಿದ್ದೆ. ಏಳಬೇಕೆಂದು ಅಂದುಕೊಂಡು ಎದ್ದದ್ದಲ್ಲ. ತೊಡೆಯೊಳಗೆ ಇರುವೆ ಹರಿದಂತಾಗುತ್ತಿತ್ತು. ರಸ್ತೆಯಲ್ಲಿ ಗಾಡಿಯ ಸದ್ದು, ಸೂರಿನಲ್ಲಿ ಪಾರಿವಾಳದ ರೆಕ್ಕೆ, ಹಿಂದಿನ ಸಾಲಿನಲ್ಲಿ ಯಾರೋ ಬಳಪ ಮುರಿದದ್ದು, ಎಲ್ಲವೂ ಒಟ್ಟಿಗೆ ಕಿವಿಗೆ ನುಗ್ಗುತ್ತಿದ್ದವು. ಮೇಷ್ಟ್ರ ಮಾತು ಅವುಗಳ ನಡುವೆ ಎಲ್ಲೋ ಕಳೆದುಹೋಗುತ್ತಿತ್ತು. ನಾನು ಎದ್ದುನಿಂತಿದ್ದೇನೆಂದು ನನಗೆ ತಿಳಿಯುತ್ತಿದ್ದದ್ದು ಜಡೆ ಜಗ್ಗಿದಾಗಲೇ.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ನಮ್ಮೂರು ಕುಶಾಲನಗರದ ಹತ್ತಿರ, ಹೊಳೆಯ ಈಚೆ ದಡದಲ್ಲಿ. ಹೊಳೆ ಎಂದರೆ ಕಾವೇರಿ. ಆಚೆ ದಡ ಮೈಸೂರು ಸೀಮೆ. ನಮ್ಮ ಮನೆಯವರು ನಾನು ಹುಟ್ಟುವ ಮೊದಲೇ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ್ದರು. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ನನ್ನ ಹಿಂದೆ ಮುಂದೆ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಯಾಕೆ ಊರು ಬಿಟ್ಟು ಬಂದಿರಿ ಎಂದು ಕೇಳಿದರೆ ಅಪ್ಪ ಮಳೆ, ಭೂಮಿ ಅಂತ ಏನೋ ಹೇಳುತ್ತಿದ್ದ. ಅಜ್ಜಿ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಮಳೆ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ರಸ್ತೆಯಲ್ಲಿ ಗಂಟೆಯ ಸದ್ದು ಕೇಳಿಸಿತು. ದುಬಾರೆ ಕಡೆಯಿಂದ ಮರ ಎಳೆಯುವ ಆನೆಗಳು ಬರುತ್ತಿದ್ದವು. ಕ್ಲಾಸಿನ ಮಕ್ಕಳೆಲ್ಲ ಕುತ್ತಿಗೆ ಉದ್ದ ಮಾಡಿದರು. ನಾನು ನೆಗೆದೇಬಿಟ್ಟೆ. ಟೇಪು ಪಟ್ಟನೆ ಹರಿಯಿತು. ಹಿಡಿತ ತಪ್ಪಿ ತೂರಾಡಿದಾಗ ಕೈಯಲ್ಲಿದ್ದ ಸ್ಲೇಟು ಬೀಸಿ ಪಕ್ಕದಲ್ಲಿದ್ದವಳ ಹುಬ್ಬಿಗೆ ಬಡಿಯಿತು. ಕಟ್ಟಿನ ಮೂಲೆಗೆ ತಗಡು ಹೊಡೆದಿದ್ದ ಸ್ಲೇಟು ಅದು. ಕಣ್ಣಿನ ಮೇಲಿಂದ ರಕ್ತ ಇಳಿದು ಅವಳ ಮಡಿಲಿನ ಸ್ಲೇಟಿನ ಮೇಲೆ, ಅರ್ಧ ಬರೆದ ಮಗ್ಗಿಯ ಮೇಲೆ ತೊಟ್ಟಿಕ್ಕಿತು. ಹೊರಗೆ ಗಂಟೆಯ ಸದ್ದು ಹತ್ತಿರವಾಗಿ ದೂರವಾಯಿತು. ಆನೆಯನ್ನು ಯಾರೂ ನೋಡಲಿಲ್ಲ.

ಮಾರನೆಯ ದಿನ ಅವಳ ಅಪ್ಪ ಅವಳನ್ನು ಕರೆದುಕೊಂಡು ಬಂದರು. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಹುಡುಗಿಯ ಹಣೆಗೆ ದಪ್ಪ ಪಟ್ಟಿ ಕಟ್ಟಿತ್ತು. ನಮ್ಮಪ್ಪನಿಗೂ ಹೇಳಿಕಳಿಸಿದ್ದರು. ಗದ್ದೆಯಿಂದ ಹಾಗೇ ಬಂದಿದ್ದ, ಕಾಲಿನ ಕೆಸರು ಒಣಗಿರಲಿಲ್ಲ. ರೈಟರು ಗಲಾಟೆ ಮಾಡುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಅವರು ಮೆಲ್ಲಗೆ ಒಂದೇ ಮಾತು ಕೇಳಿದರು.

"ಕಣ್ಣಿಗೆ ಬಿದ್ದಿದ್ರೆ?"

ಹೆಡ್‌ಮೇಷ್ಟ್ರು ಸಂಪಾಜೆ ಕಡೆಯವರು, ಕೆಟ್ಟವರಲ್ಲ. ರೈಟರು ಹೋದ ಮೇಲೆ ಅಪ್ಪನಿಗೆ ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ.

"ಗೌಡ್ರೇ, ನಾವು ಹೊಡೆದೂ ನೋಡಿದ್ವಿ, ಹೊಡೀದೆನೂ ನೋಡಿದ್ವಿ. ಮುಂದಿನ ಸಾಲಲ್ಲಿ ಕೂರಿಸಿದ್ವಿ, ಬಾಗಿಲ ಹತ್ರ ಕೂರಿಸಿದ್ವಿ. ಇವಳು ದಡ್ಡಿ ಆಗಿದ್ರೆ ನನಗೆ ಇಷ್ಟು ಯೋಚನೆ ಇರ್ತಿರಲಿಲ್ಲ. ದಡ್ಡಿ ಅಲ್ಲ. ಅದಕ್ಕೇ ಭಯ ಆಗ್ತದೆ."

"ನಾನು ಬುದ್ಧಿ ಹೇಳ್ತೀನಿ ಸ್ವಾಮಿ."

"ಬುದ್ಧಿ ಕೇಳೋದು ಕಿವಿ. ಇವಳ ಕೈಕಾಲು ಕೇಳಬೇಕಲ್ಲ?" ಅವರು ನನ್ನ ಕಡೆ ನೋಡಿದರು. ನಾನು ಆಗಲೇ ಮೇಜಿನ ಮೇಲಿನ ಗ್ಲೋಬನ್ನು ಗಿರಗಿರ ತಿರುಗಿಸುತ್ತಿದ್ದೆ. "ನಾಳೆಯಿಂದ ಕಳಿಸಬೇಡಿ ಗೌಡ್ರೇ. ಬೇರೆಯವರ ಮಕ್ಕಳಿಗೂ ನಾನೇ ಜವಾಬ್ದಾರಿ."

ದಾರಿಯುದ್ದಕ್ಕೂ ಅಪ್ಪ ಬೈಯಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದೇ ನಡೆದ. ಜೋರಾಗಿ ಹಿಡಿದಿದ್ದ.

ಅಜ್ಜಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಟ್ಟಳು. ನನ್ನನ್ನು ಮೇಲಿಂದ ಕೆಳಗೆ, ಹೊಸಬರನ್ನು ನೋಡಿದಂತೆ ನೋಡಿದಳು.

"ಅವನಿಗೂ ಹಿಂಗೇ ಆಯ್ತಲ್ಲಪ್ಪ. ಅಕ್ಷರ ಕಲ್ಸೋ ಮಠದಯ್ನೋರು ಇವ್ನು ಬ್ಯಾಡ ಅಂದ ಮ್ಯಾಲೇ ಎಲ್ಲಾ ಸುರುವಾಗಿದ್ದು."

"ಸುಮ್ಕಿರವ್ವ. ಮಗು ಕೇಳಿಸ್ಕಂತದೆ."

'ಅವನು' ಯಾರು ಎಂದು ನಾನು ಅವ್ವನನ್ನು ಕೇಳಿದೆ. ಅವ್ವ ಒಲೆಯ ಮುಂದೆ ಕೂತು ಕೊಳವೆ ಊದುತ್ತಿದ್ದಳು. "ಯಾರೂ ಇಲ್ಲ" ಅಂದಳು. ಬೆಂಕಿ ಆಗಲೇ ಹತ್ತಿಕೊಂಡಿತ್ತು, ಆದರೂ ಅವ್ವ ಊದುತ್ತಲೇ ಇದ್ದಳು.

ಶಾಲೆಗೆ ಬರಬೇಡ ಅಂದದ್ದು ನನ್ನ ತಲೆಗೆ ಹೋಗಿರಲಿಲ್ಲ. ಬೆಳಗಾದರೆ ಕಾಲು ತಾನಾಗಿ ಶಾಲೆಯ ದಾರಿ ಹಿಡಿಯುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡು ನಮ್ಮ ಕ್ಲಾಸಿನ ಕಿಟಕಿಯ ಹೊರಗೆ ನಿಲ್ಲುತ್ತಿದ್ದೆ. ಸರಳಿನಲ್ಲಿ ನನ್ನ ಟೇಪಿನ ತುಂಡು ಹಾಗೇ ನೇತಾಡುತ್ತಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದರೆ ಒಳಗಿನವರಿಗಿಂತ ಮೊದಲು ನಾನು ಹೊರಗಿನಿಂದ ಉತ್ತರ ಕೂಗುತ್ತಿದ್ದೆ. ಹೊರಗೆ ನಿಂತು ಕುಣಿಯುತ್ತ ಕೇಳಿದರೆ ಪಾಠ ಚೆನ್ನಾಗಿಯೇ ಕೇಳಿಸುತ್ತಿತ್ತು. ಮೊದಲು ಮಕ್ಕಳು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. ಮನೆಯಲ್ಲಿ ಅವರಿಗೆ ಏನೇನು ಹೇಳಿದ್ದರೋ ಏನೋ, ನಾನು ಮುಖ ಚಾಚಿದರೆ ಕಿಟಕಿಯ ಪಕ್ಕದವರು ಸರಿದು ಕೂರುತ್ತಿದ್ದರು. ಒಂದು ದಿನ ಹೆಡ್‌ಮೇಷ್ಟ್ರೇ ಬಂದು ಕಿಟಕಿ ಮುಚ್ಚಿ ಒಳಗಿನಿಂದ ಅಗುಳಿ ಹಾಕಿದರು.

ನಾನು ಕೆಳಗೆ ಹೊಳೆಯ ಕಡೆ ಹೋದೆ.

ಹೊಳೆ ಆಗಲೇ ಕೆಂಪಾಗಿತ್ತು. ದಡದ ಹೊಂಗೆಮರಗಳು ಸೊಂಟದವರೆಗೆ ಮುಳುಗಿ ನಿಂತಿದ್ದವು. ನೀರಿನಲ್ಲಿ ಏನೇನೋ ಬರುತ್ತಿತ್ತು. ಬೇರು ಸಮೇತ ಬಿದಿರು ಮೆಳೆ, ಯಾರದೋ ಕೊಟ್ಟಿಗೆಯ ಹುಲ್ಲು, ಉಬ್ಬಿದ ಒಂದು ಕರು. ಅದನ್ನು ನೋಡುತ್ತ ನೋಡುತ್ತ ನನ್ನ ಕಾಲು ಮೊದಲ ಬಾರಿಗೆ ಸುಮ್ಮನಾಯಿತು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ನೀರು ಮೊಣಕಾಲಿಗೆ ಬಂದದ್ದೂ ಗೊತ್ತಾಗಲಿಲ್ಲ. ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟಲು ಬಂದ ಅಂಬಿಗ ಹಿಂದಿನಿಂದ ಕೊಪ್ಪೆ ಹಿಡಿದು ಎಳೆದು, ಎತ್ತಿಕೊಂಡೇ ಮನೆಗೆ ತಂದು ಹಾಕಿದ.

"ಕರೆದ್ರೂ ತಿರುಗಿ ನೋಡ್ಲಿಲ್ಲ ಅಜ್ಜಮ್ಮ," ಅಂದ. "ನೀರನ್ನೇ ನೋಡ್ತಾ ನಿಂತಿತ್ತು."

ಅಜ್ಜಿಯ ಮುಖ ಬೂದಿಯ ಹಾಗಾಯಿತು. ಸೀದಾ ಕೊಟ್ಟಿಗೆಗೆ ಹೋದಳು. ವಾಪಸು ಬರುವಾಗ ಕೈಯಲ್ಲಿ ಕರು ಕಟ್ಟುವ ಹಗ್ಗದ ಕಣ್ಣಿ ಇತ್ತು.

ನಡುಮನೆಯಲ್ಲಿ ಸೂರನ್ನು ಹೊತ್ತ ಒಂದು ಕಂಬವಿತ್ತು. ಅಪ್ಪ ಅವ್ವ ಗದ್ದೆಗೆ ಹೊರಟ ಮೇಲೆ ಅಜ್ಜಿ ನನ್ನ ಎಡಗಾಲಿಗೆ ಮೊದಲು ಹಳೇ ಸೀರೆಯ ಚೂರು ಸುತ್ತಿ, ಅದರ ಮೇಲೆ ಕಣ್ಣಿ ಬಿಗಿದು, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದಳು. ಸಿಟ್ಟಿನಿಂದ ಕಟ್ಟಿದ್ದರೆ ನಾನು ಕಚ್ಚುತ್ತಿದ್ದೆ, ಒದೆಯುತ್ತಿದ್ದೆ. ಆದರೆ ಅವಳು ಕೂಸಿಗೆ ಕುಲಾವಿ ಕಟ್ಟುವಂತೆ, ಎಲ್ಲಿ ಒತ್ತುತ್ತದೆ ಎಂದು ಬೆರಳು ತೂರಿಸಿ ನೋಡಿ ನೋಡಿ ಕಟ್ಟುತ್ತಿದ್ದಳು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಈ ಕೆಲಸ ಅವಳ ಕೈಗೆ ಹೊಸದಲ್ಲ.

'ಅವನು' ಯಾರೆಂದು ಅವಳೇ ಹೇಳಿದಳು, ಕಟ್ಟುತ್ತ ಕಟ್ಟುತ್ತ, ತಲೆ ಎತ್ತದೆ.

"ನಿಮ್ಮಪ್ಪನ ತಮ್ಮ. ನಿನ್ ಥರಾನೇ. ಕಣ್ಣು ಹಿಂಗೇ ಓಡಾಡ್ತಿತ್ತು. ಕೂರು ಅಂದ್ರೆ ಕೂರ್ತಿರ್ಲಿಲ್ಲ, ನಿಲ್ಲು ಅಂದ್ರೆ ನಿಲ್ತಿರ್ಲಿಲ್ಲ. ಮಠದಿಂದ ಓಡುಸ್ಬುಟ್ರು. ಮನೆ ಹಿಂದ್ಲೇ ಕೆರೆ. ಅದುಕ್ಕೇ ಕಟ್ಟಿದ್ದು. ಕಟ್ಟಿದ್ದಷ್ಟು ದಿನ ಇದ್ದ ಕಣವ್ವ. ಉಣ್ತಿದ್ದ, ಮಲಗ್ತಿದ್ದ. ಮೀಸೆ ಬಂತು ಅವನಿಗೆ, ಕಂಬದ ತಾವಲೇ."

"ಆಮೇಲೆ?"

"ಹಬ್ಬದ ದಿನ ನಿಮ್ಮ ತಾತ ಬಿಚ್ಚುದ್ರು. ಹಬ್ಬದ ದಿನಾನೂ ಕಟ್ಟಾಕೋದಾ ಅಂದ್ಕಂಡು. ಸಾಯಂಕಾಲಕ್ಕೆ ಕೆರೇಲಿದ್ದ." ಅವಳು ಗಂಟನ್ನು ಇನ್ನೊಮ್ಮೆ ಎಳೆದಳು. "ಬಿಚ್ಚಿದ್ದುಕ್ಕೇ ಹೋದ."

ಆ ದಿನದಿಂದ ನಾನು ನನ್ನ ಮುಖವನ್ನು ಹಂಡೆಯ ನೀರಿನಲ್ಲಿ ನೋಡಿಕೊಳ್ಳುವುದನ್ನು ಬಿಟ್ಟೆ. ನನ್ನ ಕಣ್ಣು ಅವನ ಕಣ್ಣಿನಂತೆ ಓಡಾಡುವುದು ಕಂಡುಬಿಟ್ಟರೆ? ಕಂಬದ ಸುತ್ತ ನಡೆದು ನಡೆದು ಸಗಣಿ ಸಾರಿಸಿದ ನೆಲದಲ್ಲಿ ಒಂದು ಉಂಗುರ ಮೂಡಿತು. ಹಗ್ಗ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಗೆ ನನ್ನ ಲೋಕ. ಮಧ್ಯಾಹ್ನ ಶಾಲೆಯ ಗಂಟೆ ಗಾಳಿಯಲ್ಲಿ ಕೇಳಿದರೆ ಕಾಲು ಕುಣಿಯುತ್ತಿತ್ತು, ಆಗ ಅಜ್ಜಿ ಹತ್ತಿರ ಬಂದು ಕೂತು ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ನನಗೂ ಮೀಸೆ ಬರುವಷ್ಟು ವಯಸ್ಸಾಗುವವರೆಗೆ ಇಲ್ಲೇ ಇರಬೇಕೇನೋ ಎಂದು ನಾನು ಯೋಚಿಸಿದ್ದುಂಟು. ಹೆಣ್ಣುಮಕ್ಕಳಿಗೆ ಮೀಸೆ ಬರುವುದಿಲ್ಲವೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಅವ್ವ ಸಂಜೆ ಬಂದ ಕೂಡಲೆ ಕೈ ಸಹ ತೊಳೆಯದೆ ಗಂಟು ಬಿಚ್ಚುತ್ತಿದ್ದಳು. ಎಣ್ಣೆ ಬಿಸಿ ಮಾಡಿ ಕಾಲಿಗೆ ಹಚ್ಚುತ್ತಿದ್ದಳು. ಒಂದು ಸಂಜೆ ಅಪ್ಪನಿಗೆ ಎದುರಾಡಿದ್ದನ್ನು ಕೇಳಿದೆ.

"ನನ್ ಮಗೀನ ದನ ಮಾಡ್ಬುಟ್ರಲ್ಲ."

"ನಾಟಿ ಮುಗೀಲಿ. ಹೊಳೆ ಇಳೀಲಿ. ಆಮ್ಯಾಲೆ ನೋಡಾನ."

"ಆಮ್ಯಾಲೆ ಅಂದ್ರೆ ಯಾವಾಗ? ನಿಮ್ಮ ತಮ್ಮನಿಗೂ ಹಂಗೇ ಅಂದಿದ್ರಾ?"

ಅಪ್ಪ ಎದ್ದು ಮಳೆಯಲ್ಲೇ ಹೊರಗೆ ಹೋದ. ತಮ್ಮನ ಮಾತು ಆ ಮನೆಯಲ್ಲಿ ಅಷ್ಟು ಜೋರಾಗಿ ಬಂದದ್ದು ಅದೇ ಮೊದಲು. ಅಜ್ಜಿ ಮೂಲೆಯಲ್ಲಿ ಕೂತು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

ನಾಟಿ ಮುಗಿಯಲಿಲ್ಲ, ಹೊಳೆ ಇಳಿಯಲಿಲ್ಲ. ಮಡಿಕೇರಿ ಕಡೆ ಬೆಟ್ಟದ ಮೇಲೆ ಬಿಡದೆ ಸುರಿಯುತ್ತಿದೆ ಎಂದು ದಾರಿಹೋಕರು ಹೇಳುತ್ತಿದ್ದರು. ನಮ್ಮಲ್ಲಿ ಆ ಬೆಳಿಗ್ಗೆ ಮಳೆ ಹೊಳವಾಗಿತ್ತು, ಬಿಸಿಲು ಸಹ ಬಂದಿತ್ತು. ಅಪ್ಪ ಅವ್ವ ಹಳ್ಳದ ಆಚೆಯ ಮೇಲುಗದ್ದೆಗೆ ಹೋದರು. ಅಜ್ಜಿ ನನ್ನನ್ನು ಕಟ್ಟಿ, ಒರಗಿಕೊಂಡು, ತೂಕಡಿಸಿದಳು.

ಮೊದಲು ಸುಮ್ಮನಾದದ್ದು ಕಪ್ಪೆಗಳು. ಆಮೇಲೆ ಬಚ್ಚಲಿನಿಂದ ಗುಳುಗುಳು ಸದ್ದು ಬಂತು. ಯಾರೋ ನೀರು ಚೆಲ್ಲುತ್ತಿದ್ದಾರೆಂದುಕೊಂಡು ಕತ್ತು ಚಾಚಿ ನೋಡಿದೆ. ಬಚ್ಚಲ ತೂಬಿನಿಂದ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತಿತ್ತು. ಕೆಂಪು ನೀರು, ನೊರೆಯ ಜೊತೆ, ಅವಸರವಿಲ್ಲದೆ. ಹೊಸಿಲು ದಾಟಿ ನಡುಮನೆಗೆ ಇಳಿದು ನಾನು ತುಳಿದ ಉಂಗುರದೊಳಗೆ ತುಂಬಿಕೊಂಡು ನನ್ನ ಹೆಬ್ಬೆರಳನ್ನು ಮುಟ್ಟಿತು.

"ಅಜ್ಜಿ."

ಅವಳು ಎದ್ದಳು. ನೀರನ್ನು ನೋಡಿದಳು, ಕಂಬ ನೋಡಿದಳು, ನನ್ನನ್ನು ನೋಡಿದಳು. ಮೊಣಕಾಲೂರಿ ಗಂಟಿಗೆ ಕೈ ಹಾಕಿದಳು. ಹಗ್ಗ ನೆನೆದು ಬಿಗಿದಿತ್ತು. ಅವಳ ಬೆರಳುಗಳು ಜಾರುತ್ತಿದ್ದವು. ಹಲ್ಲಿನಿಂದ ಎಳೆದಳು. ಬಾಗಿಲಿಗೆ ಹೋಗಿ ಕೂಗಿದಳು. ಅಂಗಳವೆಲ್ಲ ನೀರು, ಕೇಳಲು ಯಾರೂ ಇಲ್ಲ. ವಾಪಸು ಬಂದು ಮತ್ತೆ ಗಂಟಿಗೆ ಕೂತಳು. ನೀರು ಅವಳ ಸೀರೆಯನ್ನು ಉಬ್ಬಿಸಿ ತೇಲಿಸಿತು.

"ಇವಳ್ನೂ ತಗಂಡೋಯ್ತೀಯಾ?" ಅಂದಳು. ನನಗಲ್ಲ, ನೀರಿಗೆ.

ನಾನು ಅಳಲಿಲ್ಲ. ಸೂರಿನ ತೊಲೆಯಲ್ಲಿ ಕುಡುಗೋಲು ಸಿಕ್ಕಿಸಿದ್ದು ನೆನಪಾಗಿ ಕೂಗಿದೆ. ಅವಳಿಗೆ ಎಟುಕಲಿಲ್ಲ. ಒರಳುಕಲ್ಲಿನ ಮೇಲೆ ನಿಂತು ತೆಗೆದಳು. ನೀರಿನೊಳಗೆ ಕಾಣದೆ ಕುಯ್ಯುವಾಗ ಒಮ್ಮೆ ಹಗ್ಗಕ್ಕೆ, ಒಮ್ಮೆ ತನ್ನ ಕೈಗೆ, ಒಮ್ಮೆ ನನ್ನ ಕಾಲಿಗೆ ತಗುಲಿಸಿದಳು. ಕಂಬದ ಕಡೆ ಹಗ್ಗ ತುಂಡಾಯಿತು. ಕಾಲಿನ ಗಂಟು ಹಾಗೇ ಉಳಿಯಿತು.

ಹೊರಗೆ ನೀರು ನನ್ನ ಎದೆಗೆ ಬರುತ್ತಿತ್ತು. ಬೇಲಿ ಎಲ್ಲಿ ಹೋಗುತ್ತದೆ, ಬದು ಎಲ್ಲಿ ತಿರುಗುತ್ತದೆ ಎಂಬುದು ಓಡಿ ಓಡಿ ನನ್ನ ಕಾಲಿಗೆ ಗೊತ್ತಿತ್ತು. ನಾನು ಮುಂದೆ, ಅಜ್ಜಿ ಹಿಂದೆ. "ಕೈ ಬಿಡಬ್ಯಾಡ, ಕೈ ಬಿಡಬ್ಯಾಡ" ಎಂದು ಅವಳು ಹೇಳುತ್ತಲೇ ಇದ್ದಳು. ಅವಳೇ ಹಿಡಿದಿದ್ದಳು, ಉಗುರು ಇಳಿಯುವಷ್ಟು. ಒಂದು ಕಡೆ ಕಾಲಿಗೆ ಕಟ್ಟಿದ್ದ ಹಗ್ಗದ ಬಾಲ ಮುಳುಗಿದ ಬೇಲಿಗೆ ಸಿಕ್ಕಿ ಹಿಂದಕ್ಕೆ ಎಳೆಯಿತು. ನೀರಿನಡಿಯಿಂದ ಯಾರೋ ಹಿಡಿದರೆಂದೇ ನನಗನ್ನಿಸಿತು. ಅಜ್ಜಿಗೂ ಹಾಗೇ ಅನ್ನಿಸಿರಬೇಕು. ಅವಳು ಒಂದು ಹೆಸರು ಹಿಡಿದು ಕೂಗಿದಳು, "ಬಿಡೋ, ಬಿಡೋ ನನ್ನಪ್ಪ" ಎಂದು. ಆ ಹೆಸರನ್ನು ನಾನು ಮೊದಲು ಕೇಳಿರಲಿಲ್ಲ. ಹಗ್ಗ ಬಿಡಿಸಿಕೊಂಡಿತು.

ಊರಿನಲ್ಲಿ ದಿಣ್ಣೆಯ ಮೇಲಿದ್ದದ್ದು ಶಾಲೆ ಒಂದೇ. ಆಗಲೇ ಅಲ್ಲಿ ಹೊಳೆದಂಡೆಯ ಮನೆಗಳವರು, ದನ, ಕೋಳಿ, ಮೂಟೆ, ಎಲ್ಲ ತುಂಬಿತ್ತು. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಬಿಡುತ್ತಿದ್ದರು. ನನ್ನನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ನಾನು ನನ್ನ ಹಳೆಯ ಜಾಗಕ್ಕೇ ಹೋಗಿ ಕೂತೆ. ಅಜ್ಜಿ ಪಕ್ಕದಲ್ಲಿ ಕೂತಳು, ಕೈ ಬಿಡಲಿಲ್ಲ.

ಹಳ್ಳ ತುಂಬಿ ದಾರಿ ಕಟ್ಟಿದ್ದರಿಂದ ಅಪ್ಪ ಅವ್ವ ಗುಡ್ಡ ಸುತ್ತಿಕೊಂಡು ಬರಬೇಕಾಯಿತು. ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನಮ್ಮ ಮನೆ ಸೂರಿನವರೆಗೆ ಮುಳುಗಿದ್ದನ್ನು ದೂರದಿಂದ ನೋಡಿಕೊಂಡೇ ಬಂದಿದ್ದರು. ಅವ್ವ ಬಾಗಿಲಲ್ಲಿ ಜನರನ್ನು ನೂಕಿಕೊಂಡು ಬಂದಳು. ನನ್ನನ್ನು ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಅವಳ ಕೈ ಕಾಲಿನ ಹತ್ತಿರ ನಿಂತಿತು. ರಕ್ತ ಕಲೆತ ಸೀರೆಯ ಚೂರು, ಅದರ ಮೇಲೆ ಹಗ್ಗ, ಹಗ್ಗದ ಬಾಲ. ಸುತ್ತಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು.

ನನ್ನ ಅವ್ವ ಹೊರಗಿನ ಗಂಡಸರ ಎದುರು ಮಾತಾಡಿದವಳಲ್ಲ. ಅವತ್ತು ಎದ್ದುನಿಂತು ಹೆಡ್‌ಮೇಷ್ಟ್ರ ಕಡೆ ತಿರುಗಿದಳು.

"ನೋಡಿ ಸ್ವಾಮಿ. ಇಲ್ಲಿ ಟೇಪು ಕಟ್ಟಿದ್ರಿ, ಮನೇಲಿ ಹಗ್ಗ ಕಟ್ಟಿದ್ವಿ. ಇನ್ನೇನ್ ಕಟ್ಟಾಣ ಹೇಳಿ."

ಅಪ್ಪ ನನ್ನ ಮುಂದೆ ಕೂತು ಗಂಟು ಬಿಚ್ಚಿದ. ಬಹಳ ಹೊತ್ತು ಹಿಡಿಯಿತು. ಬಿಚ್ಚುವಾಗ ಅವನ ಭುಜ ಅಲುಗುತ್ತಿತ್ತು. ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ನೀರು ಇಳಿದ ಮೇಲೆ ಜನ ಮನೆಗಳಿಗೆ ಹೋದರು. ಶಾಲೆ ಮತ್ತೆ ಶುರುವಾಯಿತು, ನನ್ನನ್ನು ಸೇರಿಸಿಕೊಳ್ಳಲಿಲ್ಲ. ಆದರೆ ಗೋಡೆಗೆ ಮಣ್ಣು ಮೆತ್ತುತ್ತಿದ್ದ ಅಪ್ಪನ ಹತ್ತಿರ ಒಂದು ಸಂಜೆ ಹೆಡ್‌ಮೇಷ್ಟ್ರು ಬಂದರು.

"ನಾನು ಸೇರಿಸ್ಕೊಂಡ್ರೆ ನಾಲ್ಕು ಮಂದಿ ತಮ್ಮ ಮಕ್ಕಳನ್ನ ಬಿಡಿಸ್ತಾರೆ ಗೌಡ್ರೇ. ಸುಳ್ಳು ಹೇಳಲ್ಲ. ಹೊಳೆ ಸೇತುವೆ ಆಚೆ, ಮೈಸೂರು ಸೀಮೇಲಿ ಒಂದು ಶಾಲೆ ಇದೆ. ಒಂದೇ ಕೋಣೆ, ಒಬ್ರೇ ಮೇಷ್ಟ್ರು. ಅಲ್ಲಿ ಯಾರು ಎದ್ರು, ಯಾರು ಕೂತ್ರು ಅಂತ ನೋಡೋಕೆ ಅವರಿಗೆ ಪುರುಸೊತ್ತಿಲ್ಲ. ಕೇಳಿ ನೋಡಿ."

ಕೇಳಿದ್ದು ಅವ್ವ. ನನ್ನ ಕೈ ಹಿಡಿದು ಸೇತುವೆ ದಾಟಿಸಿ ಕರೆದುಕೊಂಡು ಹೋದಳು. ಆ ಮೇಷ್ಟ್ರು ವಯಸ್ಸಾದವರು, ಕೆಮ್ಮು. ಒಂದೇ ಕೋಣೆಯಲ್ಲಿ ಎಲ್ಲ ಕ್ಲಾಸಿನವರೂ ಒಟ್ಟಿಗೆ ಕಿರುಚಿಕೊಂಡು ಓದುತ್ತಿದ್ದರು. ಅವ್ವ ಏನನ್ನೂ ಮುಚ್ಚಿಡದೆ ಹೇಳಿದಳು. ಮೇಷ್ಟ್ರು ಕೇಳಿಸಿಕೊಂಡು ನನ್ನನ್ನು ಕೇಳಿದರು.

"ನಿಂತ್ಕೊಂಡು ಓದೋಕೆ ಬರುತ್ತಾ?"

"ಬರುತ್ತೆ."

"ಹಂಗಾದ್ರೆ ಗೋಡೆ ಪಕ್ಕ ನಿಂತ್ಕೊ. ಸಾಕಾದಾಗ ಕೂರು."

ದಿನಾ ಅಷ್ಟು ದೂರ ನಡೆದು ಹೋದರೆ ಕಾಲಿನ ಇರುವೆಗಳು ಅರ್ಧ ದಾರಿಯಲ್ಲೇ ಉದುರುತ್ತಿದ್ದವು. ಮಗ್ಗಿ ಬಂತು, ಓದು ಬಂತು. ಸಿಟ್ಟು, ಅವಸರ, ಕೈಯಿಂದ ಸಾಮಾನು ಬೀಳುವುದು, ಇವು ಹೋಗಲಿಲ್ಲ, ಈಗಲೂ ಹೋಗಿಲ್ಲ. ಮೇಷ್ಟ್ರು ಒಮ್ಮೊಮ್ಮೆ ತಾಳ್ಮೆಗೆಟ್ಟು ಹೊಡೆಯುತ್ತಿದ್ದರು. ಆದರೆ ಬರಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಅಜ್ಜಿ ಹಗ್ಗದ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಸೇತುವೆ ದಾಟುವ ಎರಡು ಹೊತ್ತೂ ಈಚೆ ತುದಿಗೆ ಬಂದು ನಿಂತಿರುತ್ತಿದ್ದಳು. ನನ್ನನ್ನು ನೋಡುತ್ತಿರಲಿಲ್ಲ, ಕೆಳಗಿನ ನೀರನ್ನು ನೋಡುತ್ತಿದ್ದಳು.

ಕೊಡಗು ಮೈಸೂರಿಗೆ ಸೇರಿದ್ದು ನಾನು ಆ ಶಾಲೆಯಲ್ಲಿದ್ದಾಗಲೇ. ಇನ್ನು ಹೊಳೆಯ ಎರಡೂ ದಡ ಒಂದೇ ರಾಜ್ಯ ಎಂದು ಕುಶಾಲನಗರದ ಅಂಗಡಿ ಮುಂದೆ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಕೆಲವರಿಗೆ ಸಂತೋಷ, ಕೆಲವರಿಗೆ ಬೇಸರ. ನನಗೆ ಮಾತ್ರ ಹೆದರಿಕೆ. ಒಂದೇ ರಾಜ್ಯವಾದ ಮೇಲೆ, ಆ ಶಾಲೆಯಿಂದ ಹೊರಹಾಕಿದವಳನ್ನು ಈ ಶಾಲೆಯೂ ಹೊರಹಾಕಬೇಕಲ್ಲವೇ? ಯಾರಿಗೂ ಹೇಳಲಿಲ್ಲ. ಛತ್ರಿ ಹಿಡಿದ ಅಪರಿಚಿತರು ಶಾಲೆಯ ಕಡೆ ಬಂದರೆ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಮೇಷ್ಟ್ರನ್ನೇ ಕೇಳಿದೆ.

"ಸಾರ್, ಇನ್ಮೇಲೆ ನನ್ನ ಇಲ್ಲಿಂದ್ಲೂ ಬಿಡಿಸ್ತಾರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ನೋಡಿದರು. ನಾನು ಯಾಕೆ ಕೇಳುತ್ತಿದ್ದೇನೆಂದು ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗಲಿಲ್ಲ.

"ಯಾರಾದ್ರೂ ಬಂದು ಕೇಳಿದ್ರೆ ನಾನು ಮಾತಾಡ್ತೀನಿ," ಅಂದರು. "ನೀನು ಹೋಗಿ ಚಿಕ್ಕವರಿಗೆ ಅಕ್ಷರ ಹೇಳಿಕೊಡು."

ಆ ವರ್ಷವೆಲ್ಲ ನಾನು ಕಾದೆ. ಯಾರೂ ಬಂದು ಕೇಳಲಿಲ್ಲ.